ಕೆಳಗೆ ಜಾಗವಿಲ್ಲ

ಈ ಸಲದ ಆಗಮನ ಕಾಲದ ಮೊದಲ ವಾರ, ನಾನು ಕೆಲಸ ಮಾಡಿ ನಿವೃತ್ತಳಾದ ಮಿಷನ್ ಆಸ್ಪತ್ರೆಯವರು ನನ್ನನ್ನು ಕರೆಸಿದ್ದರು. ಹೊಸದಾಗಿ ಸೇರಿದ ನರ್ಸುಗಳಿಗೆ ದೀನತೆಯ ಬಗ್ಗೆ ನಾಲ್ಕು ಮಾತು ಹೇಳಬೇಕಿತ್ತು. ಕ್ರಿಸ್‌ಮಸ್ಸಿಗೆ ಮುಂಚಿನ ಈ ವಾರಗಳಲ್ಲಿ, ದೇವರು ಮನುಷ್ಯನಾಗಿ ಇಳಿದು ಬಂದದ್ದನ್ನು ನೆನೆದು ಕಾಯುವುದು ನಮ್ಮ ಪದ್ಧತಿ. ಪ್ರತಿ ಸಂಜೆ ಆಸ್ಪತ್ರೆಯ ಪ್ರಾರ್ಥನಾ ಮಂದಿರದಲ್ಲಿ ಯಾರಾದರೊಬ್ಬರು ಮಾತಾಡುತ್ತಾರೆ. ನಾನೂ ಮಾತಾಡಿದೆ. ಎಲ್ಲರೂ ಹೇಳುವುದನ್ನೇ ಹೇಳಿದೆ.

ಮುಗಿದ ಮೇಲೆ ಒಬ್ಬ ಹುಡುಗಿ ಕಾಫಿ ಲೋಟ ಹಿಡಿದು ಹತ್ತಿರ ಬಂದಳು. ಚಾಮರಾಜನಗರದ ಕಡೆಯವಳು. ಮನೆಯಲ್ಲಿ ಓದಿದವಳು ಇವಳೊಬ್ಬಳೇ ಅಂತೆ.

"ಮೇಡಂ, ಒಂದು ಕೇಳ್ಲಾ? ಡಾಕ್ಟ್ರು ಬೈದ್ರೆ ತಲೆ ತಗ್ಗಿಸ್ತೀವಿ. ರೋಗಿ ಕಡೆಯೋರು ಬೈದ್ರೂ ತಗ್ಗಿಸ್ತೀವಿ. ಹಾಸ್ಟೆಲ್ ವಾರ್ಡನ್ ಬೈದ್ರೂ ಅಷ್ಟೇ. ಇನ್ನೂ ಎಲ್ಲಿಗೆ ಇಳೀಬೇಕು ನಾವು?"

ನನಗೆ ನಗು ಬಂತು. ಬಸ್ಸಿನ ಹೊತ್ತಾಗಿತ್ತು, ಹೊರಟುಬಂದೆ. ಅವಳಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಯಾಕೆಂದರೆ ಹೇಳಬೇಕಾಗಿರುವುದು ಒಬ್ಬ ಮುದುಕನ ಕಾಲಿನ ಕಥೆ.

ಮೊದಲು ನನ್ನ ವಿಷಯ. ನನ್ನದು ತಮಿಳುನಾಡಿನ ಕುನ್ನತ್ತೂರಿನ ಪಕ್ಕದ ಒಂದು ಹಳ್ಳಿ. ಮನೆಯಲ್ಲಿ ಮಾತು ಕನ್ನಡ, ಅಕ್ಷರ ಮಾತ್ರ ಯಾರಿಗೂ ಇರಲಿಲ್ಲ. ಶಾಲೆ ತಮಿಳು, ಬೀದಿ ತಮಿಳು, ಜಗಳ ತಮಿಳು. ತಾತನ ಕಾಲದಲ್ಲೇ ನಾವು ಕ್ರೈಸ್ತರಾದೆವು, ಆದರೆ ಕಸುಬು ಬದಲಾಗಲಿಲ್ಲ. ಅಪ್ಪನದು ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ನೂಲು ಕೊಡುವ ಸಾಹುಕಾರ ನಿಂತೇ ಮಾತಾಡುತ್ತಿದ್ದ, ಅಪ್ಪ ಕತ್ತೆತ್ತಿ ಉತ್ತರ ಕೊಡುತ್ತಿದ್ದ. ಅಮ್ಮ ದೊಡ್ಡ ಹೊಲಗಳಿಗೆ ಕಡಲೆಕಾಯಿ ಕೀಳಲು ಹೋಗುತ್ತಿದ್ದಳು. ಸಂಜೆ ಯಜಮಾನರ ಮನೆಯ ಅಂಗಳದಲ್ಲಿ ಕೂಲಿಗಾಗಿ ಕಾಯಬೇಕು. ಯಜಮಾನರು ಜಗಲಿಯ ಮೇಲೆ, ನಾವು ಮಣ್ಣಿನ ಮೇಲೆ. ಅಮ್ಮನ ಪಕ್ಕ ಅಲ್ಲಿ ಕೂತಿದ್ದಾಗಲೇ ನಾನು ಒಂದು ತೀರ್ಮಾನ ಮಾಡಿದ್ದೆ: ದೊಡ್ಡವಳಾದ ಮೇಲೆ ಇವರ ಎದುರು ನೆಲದ ಮೇಲೆ ಕೂರುವುದಿಲ್ಲ.

ನಮ್ಮ ಚರ್ಚಿನ ಸಭೆಯವರು ಕೊಟ್ಟ ಸಹಾಯದಲ್ಲಿ ಬೆಂಗಳೂರಿಗೆ ಹೋಗಿ ನರ್ಸಿಂಗ್ ಬಿ.ಎಸ್ಸಿ. ಮಾಡಿದೆ. ಕನ್ನಡ ಅಕ್ಷರ ಕಲಿತದ್ದೂ ಅಲ್ಲೇ, ಬಸ್ಸಿನ ಬೋರ್ಡು ನೋಡಿ ನೋಡಿ. ನಮ್ಮ ವಂಶದಲ್ಲಿ ಅದು ಮೊದಲ ಡಿಗ್ರಿ. ಹಾಗಂತ ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚವಿಲ್ಲ. ಅದಕ್ಕಾಗಿ ಅಮ್ಮನ ಬೆನ್ನು ಬಗ್ಗಿದೆ, ನನ್ನದೂ ಬಗ್ಗಿದೆ.

ಓದು ಮುಗಿಸಿ ನಮ್ಮ ಸೀಮೆಯ ಈ ಮಿಷನ್ ಆಸ್ಪತ್ರೆಗೆ ಬಂದ ಮೊದಲ ದಿನ ಹಳೆಯ ನರ್ಸುಗಳು ಬೆಡ್‌ಪ್ಯಾನ್ ತೊಳೆಯುವ ಕೋಣೆಯ ಬಾಗಿಲಲ್ಲಿ ಸಾಲಾಗಿ ನಿಂತು ದಾರಿ ಬಿಟ್ಟರು. "ಪಟ್ಟದಾರಿ ಬಂದ್ಲು, ಜಾಗ ಬಿಡ್ರೇ." ಡಿಗ್ರಿ ಪಡೆದವರನ್ನು ತಮಿಳಿನಲ್ಲಿ ಪಟ್ಟದಾರಿ ಎನ್ನುತ್ತಾರೆ. ಆ ಹೆಸರು ನನಗೆ ಬಹಳ ವರ್ಷ ಅಂಟಿಕೊಂಡಿತ್ತು. ಬೆಡ್‌ಪ್ಯಾನ್ ಸರಿಯಾಗಿ ತೊಳೆದಿಲ್ಲವೆಂದರೆ, "ಇದನ್ನ ಬೆಂಗಳೂರಲ್ಲಿ ಹೇಳ್ಕೊಡಲ್ವಾ ಪಟ್ಟದಾರಿ?" ಅನ್ನುತ್ತಿದ್ದರು. ಆಗ ಎಲ್ಲವೂ ಎನಾಮಲ್ ಪಾತ್ರೆ, ಗಾಜಿನ ಸಿರಿಂಜು. ಕುದಿಸಬೇಕು, ಒಣಗಿಸಬೇಕು, ಎಣಿಸಿ ಇಡಬೇಕು. ಈಗಿನವರಿಗೆ ಎಲ್ಲ ಒಂದೇ ಸಲ ಬಳಸಿ ಬಿಸಾಡುವಂಥದ್ದು. ಹಳೆಯದೇ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಕುದಿಯುವ ನೀರಿನಲ್ಲಿ ಬೆಂದ ಬೆರಳುಗಳು ನನ್ನವು, ನನಗೆ ಗೊತ್ತು.

ನನ್ನ ಮೇಲಿದ್ದವರು ಜ್ಞಾನಮಣಿ ಮ್ಯಾಟ್ರನ್. ತಿರುನೆಲ್ವೇಲಿ ಕಡೆಯವರು, ಮದುವೆಯಾದವರಲ್ಲ, ದನಿ ಸಣ್ಣದು. ಅವರು ಮಾತಾಡುತ್ತಿದ್ದದ್ದು ತಮಿಳು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರದೊಂದು ಕಟ್ಟುನಿಟ್ಟಾದ ಕ್ರಮವಿತ್ತು: ಮಲಗಿದವರ ಜೊತೆ ನಿಂತುಕೊಂಡು ಮಾತಾಡಬಾರದು. ಸ್ಟೂಲ್ ಎಳೆದುಕೊಂಡು ಕೂರಬೇಕು, ರೋಗಿಯ ಕಣ್ಣಿಗೆ ನಮ್ಮ ಕಣ್ಣು ಸಮವಾಗಿರಬೇಕು. ಮಂಚ ಸಾಲದೆ ಚಾಪೆಯ ಮೇಲೆ ಮಲಗಿಸಿದವರಾದರೆ ನೆಲದ ಮೇಲೆ ಕೂರಬೇಕು. ನಾನು ನೆಲದ ಮೇಲೆ ಕೂರುತ್ತಿರಲಿಲ್ಲ, ಕುಕ್ಕರುಗಾಲಿನಲ್ಲಿ ಮುಗಿಸುತ್ತಿದ್ದೆ. ಅವರು ಗಮನಿಸಿದ್ದರು, ಕೇಳಿರಲಿಲ್ಲ.

ಒಮ್ಮೆ ನನ್ನನ್ನು ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿ ನಮ್ಮ ಮಿಷನ್ನಿನವರು ನಡೆಸುತ್ತಿದ್ದ ಸಣ್ಣ ಕ್ಲಿನಿಕ್ಕಿಗೆ ಹಾಕಿದರು. ಸುತ್ತ ಪಂಪ್ ತಯಾರಿಸುವ ವರ್ಕ್‌ಶಾಪುಗಳು. ಒಂದು ದಿನ ಇಬ್ಬರು ಬಂದರು. ಒಬ್ಬರು ಬಂದವರೇ ಕುರ್ಚಿಯಲ್ಲಿ ಕೂತು ಮುಖ ಒರೆಸಿಕೊಂಡರು, ಇನ್ನೊಬ್ಬ ಕೈಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗೋಡೆಗೆ ಒರಗಿ ನಿಂತಿದ್ದ. ನಾನು ಕೂತವರ ನಾಡಿ ಹಿಡಿದು, "ಏನ್ ಸಾರ್ ತೊಂದ್ರೆ?" ಅಂದೆ. ಅವರು ವರ್ಕ್‌ಶಾಪಿನ ಮಾಲೀಕರು. ಕೈ ಜಜ್ಜಿಹೋಗಿದ್ದದ್ದು ನಿಂತವನದು. ನಾನು ತಿರುಗುವಷ್ಟರಲ್ಲಿ ಅವನು ಗೋಡೆ ಬಿಟ್ಟು ಜಾರಿದ. ಮ್ಯಾಟ್ರನ್‌ಗೆ ಹೇಳಿದಾಗ ಅವರು ಬೈಯಲಿಲ್ಲ. "ನಮ್ಮೂರುಗಳಲ್ಲಿ ಯಾರು ನಿಂತಿದಾರೆ ನೋಡ್ಕೋ ಅಮ್ಮಾ. ರೋಗಿ ಅವನೇ ಇರ್ತಾನೆ" ಅಂದರು.

ಈಗ ಕಾಲಿನ ಕಥೆಗೆ ಬರುತ್ತೇನೆ.

ನಾನು ಮತ್ತೆ ದೊಡ್ಡ ಆಸ್ಪತ್ರೆಯ ಗಂಡಸರ ಶಸ್ತ್ರಚಿಕಿತ್ಸಾ ವಾರ್ಡಿಗೆ ಬಂದ ವರ್ಷ. ಡಿಸೆಂಬರ್ ಹತ್ತಿರವಾಗಿತ್ತು, ವರಾಂಡದಲ್ಲಿ ಬಿದಿರಿನ ನಕ್ಷತ್ರ ಕಟ್ಟುತ್ತಿದ್ದರು. ಆ ವಾರ್ಡಿನಲ್ಲಿ ರಂಗ ತಾತ ಎಂಬ ಮುದುಕ ಇದ್ದ. ನಮ್ಮೂರ ಸೀಮೆಯವನೇ, ಹುಟ್ಟಿದಾಗಿನಿಂದ ಒಂದೇ ಮನೆಯ ಹೊಲದಲ್ಲಿ ಆಳು. ಬಾವಿಯ ಎಂಜಿನ್ನಿನ ಬೆಲ್ಟಿಗೆ ಕಾಲು ಸಿಕ್ಕಿ ಮೊಣಕಾಲಿನಿಂದ ಹರಡಿನವರೆಗೆ ಚರ್ಮ ಕಿತ್ತುಹೋಗಿತ್ತು. ತೊಡೆಯಿಂದ ಈರುಳ್ಳಿ ಪೊರೆಯಷ್ಟು ತೆಳ್ಳಗೆ ಚರ್ಮ ತೆಗೆದು ಗಾಯದ ಮೇಲೆ ಹೊದಿಸಿದ್ದರು. ಅದು ಹಿಡಿಯುವವರೆಗೆ ಕಾಲನ್ನು ದಿಂಬಿನ ಮೇಲೆ ಎತ್ತಿ ಇಟ್ಟಿರಬೇಕು. ಕೆಳಗೆ ಬಿಟ್ಟರೆ ರಕ್ತ ಇಳಿದು ಅಡಿಯಲ್ಲಿ ಸೇರಿ, ಹೊಸ ಚರ್ಮ ಎದ್ದು ಬರುತ್ತದೆ. ಮೊದಲ ಸಲ ಹಾಗೆಯೇ ಎದ್ದು ಬಂತು. ಸರ್ಜನ್ನು ಎರಡನೆಯ ಸಲ ಹೊದಿಸಿ, ನಮ್ಮನ್ನೆಲ್ಲ ಕರೆದು ಹೇಳಿದರು, "ಇದೂ ಹೋದ್ರೆ ಕಾಲು ತೆಗೀಬೇಕಾಗತ್ತೆ. ನೋಡ್ಕೊಳ್ಳಿ."

ಯಾಕೆ ಹೀಗಾಗುತ್ತಿದೆ ಅಂತ ಅದೇ ಸಂಜೆ ನನಗೆ ಗೊತ್ತಾಯಿತು. ರೋಗಿಗಳನ್ನು ನೋಡಲು ಜನ ಬರುವ ಹೊತ್ತು. ರಂಗ ತಾತ ಮಂಚದ ಮೇಲಿರಲಿಲ್ಲ. ಮಂಚದ ಪಕ್ಕದಲ್ಲಿ ನೆಲದ ಮೇಲೆ, ಬ್ಯಾಂಡೇಜಿನ ಕಾಲು ಚಾಚಿಕೊಂಡು ಕೂತಿದ್ದ. ದೊಡ್ಡವರ ಎದುರು ಮಾಡುವ ಹಾಗೆ, ಹೆಗಲ ಮೇಲಿನ ಟವೆಲು ಕಂಕುಳಿಗೆ ಹೋಗಿತ್ತು.

"ಏನ್ ತಾತಾ ಇದು? ಕಾಲು ಇಳಿಸ್ಬಾರ್ದು ಅಂತ ಹೇಳಿರ್ಲಿಲ್ವಾ?"

"ಪರವಾಯಿಲ್ಲ ಅಮ್ಮಣಿ. ನಂಗೆ ಇಲ್ಲೇ ಸೌಕರಿಯ."

"ಕಾಲು ಹೋಗತ್ತೆ ತಾತಾ."

ಅವನು ಕಣ್ಣಿನಲ್ಲೇ ಎದುರಿನ ಮಂಚ ತೋರಿಸಿದ. "ಯಜಮಾನ್ರ ಮನೆಯೋರು ಬಂದವ್ರೆ. ಅವ್ರು ಹೋಗ್ಲಿ, ಏರ್ಕೋತೀನಿ."

ಎದುರಿನ ಮಂಚದಲ್ಲಿ ಮಲಗಿದ್ದವರು ಅವನ ಯಜಮಾನರು. ಟ್ರ್ಯಾಕ್ಟರಿನಿಂದ ಬಿದ್ದು ತೊಡೆಯ ಮೂಳೆ ಮುರಿದಿತ್ತು. ಕಾಲಿಗೆ ತೂಕ ಕಟ್ಟಿ ಎಳೆಯುವ ಚೌಕಟ್ಟಿನ ಮಂಚ ಇದ್ದದ್ದು ಈ ವಾರ್ಡಿನಲ್ಲಿ ಮಾತ್ರ, ಇಲ್ಲದಿದ್ದರೆ ಅವರು ಸ್ಪೆಷಲ್ ರೂಮಿನಲ್ಲಿ ಇರುತ್ತಿದ್ದರು. ನಮ್ಮ ಕಡೆ ತಲೆತಲಾಂತರದಿಂದ ನೆಲೆಸಿದ ಕನ್ನಡ ಮಾತಿನ ಬೇಸಾಯಗಾರರು. ಅವರ ಹೊಲದಲ್ಲಿ ದುಡಿದು ದುಡಿದು ರಂಗ ತಾತನಿಗೂ ಕನ್ನಡವೇ ಬಾಯಿಗೆ ಬಂದಿತ್ತು. ನನ್ನ ಅಮ್ಮ ಕಡಲೆಕಾಯಿ ಕೀಳಲು ಹೋಗುತ್ತಿದ್ದದ್ದೂ ಅದೇ ಮನೆಯ ಹೊಲಕ್ಕೆ. ಜಾತಿಗಳ ಹೆಸರು ನಾನು ಬರೆಯುವುದಿಲ್ಲ, ಓದುವವರಿಗೆ ಗೊತ್ತಾಗುತ್ತದೆ.

ಪ್ರತಿ ಸಂಜೆ ಯಜಮಾನರ ಮಗ, ಸೊಸೆ, ನೆಂಟರು ಬರುತ್ತಿದ್ದರು. ಯಜಮಾನರೊಬ್ಬರೇ ಇದ್ದಾಗ ಹೇಗೋ ಮಂಚದ ಮೇಲಿರುತ್ತಿದ್ದ ಮುದುಕ, ಇವರ ಚಪ್ಪಲಿ ಸದ್ದು ಬಾಗಿಲಲ್ಲಿ ಕೇಳಿದರೆ ಸಾಕು, ಇಳಿಯುತ್ತಿದ್ದ. ಯಾರೂ ಇಳಿ ಎಂದವರಲ್ಲ. ಅವನ ಮೈಯೇ ಇಳಿಯುತ್ತಿತ್ತು.

ಓದಿದವಳ ಬುದ್ಧಿ ನನ್ನದು. ಮೊದಲು ಮಂಚದ ಸುತ್ತ ಪರದೆ ಕಟ್ಟಿಸಿದೆ. ದನಿ ಕೇಳಿದ ಕೂಡಲೇ ಅವನು ಪರದೆಯ ಹಿಂದೆಯೇ ಇಳಿದು ಕೂತ. ಕಾಲಿಗೆ ಹಿಂದಿನಿಂದ ಪ್ಲಾಸ್ಟರ್ ಪಟ್ಟಿ ಹಾಕಿಸಿದೆವು. ಅದರ ಸಮೇತ ಇಳಿದ. ಬೇರೆ ವಾರ್ಡಿಗೆ ಕಳಿಸೋಣ ಅಂದೆ. ಖಾಲಿ ಮಂಚ ಇದ್ದದ್ದು ಕೀವು ತುಂಬಿದ ಗಾಯದವರ ವಾರ್ಡಿನಲ್ಲಿ ಮಾತ್ರ, ಅಲ್ಲಿಗೆ ಕಳಿಸಿದರೆ ಸೋಂಕು ತಗಲಿ ಕಾಲು ಹೋಗುವುದು ಖಂಡಿತ. ಮ್ಯಾಟ್ರನ್ ನೇರವಾಗಿ ಯಜಮಾನರ ಹತ್ತಿರ ಹೋಗಿ ಸ್ಟೂಲ್ ಎಳೆದುಕೊಂಡು ಕೂತರು.

ಯಜಮಾನರು ಕೆಟ್ಟವರಲ್ಲ. ಆಳನ್ನು ಆಸ್ಪತ್ರೆಗೆ ಸೇರಿಸಿದ್ದವರೂ ಅವರೇ. "ನಾನು ಅವ್ನಿಗೆ ಇಳೀ ಅಂತ ಹೇಳ್ಲಿಲ್ಲಮ್ಮ" ಅಂದರು.

"ಇಳೀಬೇಡ ಅಂತಲೂ ಹೇಳ್ಲಿಲ್ಲ" ಅಂದರು ಮ್ಯಾಟ್ರನ್.

ಯಜಮಾನರು ಮಲಗಿದ್ದಲ್ಲಿಂದಲೇ ಗಟ್ಟಿಯಾಗಿ ಕೂಗಿದರು, "ಲೇ ರಂಗಾ, ಮೇಲೇ ಇರು." ಮುದುಕ "ಆಗ್ಲಿ ಸಾಮಿ" ಅಂದ. ಮರುದಿನ ಮಗ ಬಂದ, ರಂಗ ತಾತ ಮತ್ತೆ ಇಳಿದ. ಬಾಯಿಂದ ಹೊರಟ ಅಪ್ಪಣೆ ಮಂಡಿಗೆ ತಲುಪಿರಲಿಲ್ಲ. ಆ ಸಂಜೆ ಬ್ಯಾಂಡೇಜಿನ ಅಂಚಿನಲ್ಲಿ ರಕ್ತದ ಕಲೆ ಕಂಡಿತು.

ಅಂದೇ ಪ್ರಾರ್ಥನಾ ಮಂದಿರದಲ್ಲಿ ಆಗಮನ ಕಾಲದ ಮಾತು ಹೇಳುವ ಸರದಿ ನಮ್ಮ ವಾರ್ಡಿನ ಕಿರಿಯ ಡಾಕ್ಟರದು. ಒಳ್ಳೆಯ ಹುಡುಗ, ಪಾದ್ರಿಗಳ ಮನೆತನದವನು. ಕರ್ತನು ಪರಲೋಕದ ಮಹಿಮೆಯನ್ನು ಬಿಟ್ಟು ದಾಸನಂತೆ ಬಂದದ್ದನ್ನು ಹೇಳಿ, ಆಮೇಲೆ ಅಂದ, "ನಮ್ಮ ವಾರ್ಡಿನಲ್ಲೇ ಒಬ್ಬ ಮುದುಕರಿದ್ದಾರೆ. ದೊಡ್ಡವರು ಬಂದರೆ ಮಂಚದಿಂದ ಇಳಿದು ನೆಲದ ಮೇಲೆ ಕೂರುತ್ತಾರೆ. ಎಂಥ ದೀನತೆ! ಅವರಿಂದ ನಾವು ಕಲಿಯಬೇಕು." ಮುಂದಿನ ಕುರ್ಚಿಗಳಲ್ಲಿದ್ದ ಡಾಕ್ಟರುಗಳು ತಲೆದೂಗಿದರು. ಕುರ್ಚಿ ಸಾಲದೆ ಹಿಂದೆ ನಿಂತಿದ್ದ ಆಯಾಗಳು ಏನೂ ಮಾಡಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಹೊರಗೆ ಬಂದು ಮ್ಯಾಟ್ರನ್‌ಗೆ ಹೇಳಿದೆ, "ಅದು ದೀನತೆ ಅಲ್ಲ ಮ್ಯಾಟ್ರನ್, ಭಯ. ನಾನು ಅದನ್ನ ತಿಂದು ಬೆಳೆದಿದೀನಿ. ಇದನ್ನೇ ದೇವರು ಮಾಡಿದ್ದು ಅನ್ನೋದಾದ್ರೆ ನಂಗೆ ಆ ದೇವರು ಬೇಡ."

ಅವರು ವರಾಂಡದ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಬಿಗಿದುಕೊಂಡರು. "ಹುಡುಗ ತಲೆಕೆಳಗಾಗಿ ಓದಿದಾನೆ, ಅಷ್ಟೇ. ಇಳಿದು ಬಂದದ್ದು ಮೇಲಿದ್ದವನು. ರಂಗ ತಾತ ಮೇಲೆ ಇದ್ದದ್ದು ಯಾವಾಗ, ಇಳಿಯೋಕೆ?"

"ಹಾಗಾದ್ರೆ ಯಾರು ಇಳೀಬೇಕು?"

"ಅದೇ ಯೋಚನೆ ಮಾಡ್ತಿದೀನಿ" ಅಂದರು.

ಮರುದಿನ ಜನ ಬರುವ ಹೊತ್ತಿಗೆ ಮ್ಯಾಟ್ರನ್ ಒಂದು ಚಾಪೆ ಹಿಡಿದುಕೊಂಡು ವಾರ್ಡಿಗೆ ಬಂದರು. ರಂಗ ತಾತನ ಮಂಚಕ್ಕೂ ಪಕ್ಕದ ಮಂಚಕ್ಕೂ ನಡುವೆ, ಅವನು ಕೂರುತ್ತಿದ್ದ ಅದೇ ಜಾಗದಲ್ಲಿ ಹಾಸಿ ಕೂತರು. ಗಂಜಿ ಹಾಕಿದ ಬಿಳಿ ಸಮವಸ್ತ್ರ, ಎದೆಯ ಮೇಲೆ ಬೆಳ್ಳಿಯ ಬ್ಯಾಡ್ಜು. ಬ್ಯಾಂಡೇಜಿನ ಬಟ್ಟೆ ಮಡಚುತ್ತ ಕೂತರು. ಮುದುಕನ ಪಾದಕ್ಕಿಂತ ಅವರ ತಲೆ ಕೆಳಗಿತ್ತು.

ಚಪ್ಪಲಿ ಸದ್ದಾಯಿತು. ಮುದುಕ ಎದ್ದು ಕೂತು ಕಾಲು ಹೊರಳಿಸಿದ. ಮ್ಯಾಟ್ರನ್ ತಲೆ ಎತ್ತಲಿಲ್ಲ.

"ಕೆಳಗೆ ಜಾಗ ಇಲ್ಲಪ್ಪಾ. ಇಲ್ಲಿ ನಾನಿದೀನಿ."

ಅವನು ಅವರನ್ನು ನೋಡಿದ, ಬಾಗಿಲು ನೋಡಿದ, ಮಂಚದ ಇನ್ನೊಂದು ಪಕ್ಕ ನೋಡಿದ. ಆ ಕಡೆ ಗೋಡೆ. ಬೆವರಿಬಿಟ್ಟ. ಕಾಲು ಮಾತ್ರ ಮತ್ತೆ ದಿಂಬಿನ ಮೇಲೆ ಹೋಯಿತು.

ಬಂದವರಿಗೆ ದಿಕ್ಕು ತೋಚಲಿಲ್ಲ. ಯಜಮಾನರ ಮೊಮ್ಮಕ್ಕಳ ಹೆರಿಗೆ ಮಾಡಿಸಿದವರು ಮ್ಯಾಟ್ರನ್. ಅವರು ನೆಲದ ಮೇಲಿರುವಾಗ ಕುರ್ಚಿ ಎಳೆದುಕೊಂಡು ಕೂರುವುದು ಹೇಗೆ? ಸೊಸೆ ನಿಂತೇ ಇದ್ದಳು. ಮಗ ಸ್ವಲ್ಪ ಹೊತ್ತು ನಿಂತು ಹೊರಟುಹೋದ. ಹೋಗುವಾಗ ನಮ್ಮ ದೊಡ್ಡ ಡಾಕ್ಟರ ಕೋಣೆಗೆ ಹೋಗಿ, ತಮ್ಮ ಮನೆಯವರಿಗೆ ಅವಮಾನ ಮಾಡಲು ಮ್ಯಾಟ್ರನ್ ಹೀಗೆ ಕೂತಿದ್ದಾರೆ ಅಂತ ದೂರಿದ.

ದೊಡ್ಡ ಡಾಕ್ಟರು, ಅಂದರೆ ಆಸ್ಪತ್ರೆಯ ಮುಖ್ಯಸ್ಥರು, ದೊಡ್ಡ ಮನೆಗಳವರ ಮನಸ್ಸು ನೋಯಿಸದೆ ಆಸ್ಪತ್ರೆ ನಡೆಸಬೇಕಾದವರು. ಮ್ಯಾಟ್ರನ್‌ರನ್ನು ಕರೆಸಿ, "ಇದೆಲ್ಲಾ ಬೇಕಾ ಮ್ಯಾಟ್ರನ್? ನಿಮಗಿದು ಚಿಕಿತ್ಸೆಯಾ?" ಅಂದರಂತೆ. "ಹೌದು ಸಾರ್, ಚಿಕಿತ್ಸೆಯೇ" ಅಂತ ಹೇಳಿ ಇವರು ಬಂದು ರಂಗ ತಾತನ ಕೇಸ್ ಶೀಟಿನಲ್ಲಿ, ಮಾತ್ರೆ ಇಂಜೆಕ್ಷನ್ನುಗಳ ಕೆಳಗೆ, ದುಂಡಗಿನ ಅಕ್ಷರದಲ್ಲಿ ಬರೆದರು: ಭೇಟಿಯ ಹೊತ್ತಿನಲ್ಲಿ ಒಬ್ಬ ನರ್ಸ್ ನೆಲದ ಮೇಲೆ. ಸರ್ಜನ್ನು ರೌಂಡ್ಸಿಗೆ ಬಂದಾಗ ಅದನ್ನು ಓದಿ ನಕ್ಕು, ಕೆಳಗೆ ಸಹಿ ಹಾಕಿದರು. ಸಹಿ ಬಿದ್ದ ಮೇಲೆ ದೊಡ್ಡ ಡಾಕ್ಟರೂ ಸುಮ್ಮನಾದರು.

ಕೆಲವು ಸಂಜೆ ಹೀಗೆ ನಡೆಯಿತು. ರಕ್ತದ ಕಲೆ ಹೆಚ್ಚಾಗಲಿಲ್ಲ. ಆಮೇಲೆ ಮ್ಯಾಟ್ರನ್‌ಗೆ ಕೊಯಮತ್ತೂರಿನಿಂದ ಸುದ್ದಿ ಬಂತು, ಅಲ್ಲಿನ ಉಕ್ಕಡಂ ಬಡಾವಣೆಯಲ್ಲಿದ್ದ ಅವರ ಅಕ್ಕನ ಗಂಡ ತೀರಿಕೊಂಡಿದ್ದರು. ಹೊರಡುವ ಮೊದಲು ಚಾಪೆಯನ್ನು ನನ್ನ ಕೈಗೆ ಕೊಟ್ಟರು.

"ಇವತ್ತು ನೀನು ಕೂರು."

"ಬೇರೆ ಯಾರಿಗಾದ್ರೂ ಹೇಳಿ ಮ್ಯಾಟ್ರನ್."

"ಅವರ ಕನ್ನಡ ನಿನಗೆ ಬರತ್ತೆ. ಬೇರೆಯವರಿಗೆ ಬರಲ್ಲ."

ಅಂಗಳದ ವಿಷಯ ಅವರಿಗೆ ಮೊದಲ ಸಲ ಹೇಳಿದ್ದು ಆವತ್ತೇ. ಅಮ್ಮ, ಕಡಲೆಕಾಯಿ, ಅದೇ ಮನೆ, ನನ್ನ ತೀರ್ಮಾನ. "ಆ ನೆಲದಿಂದ ಏಳೋಕೆ ನಂಗೆ ಒಂದು ಜೀವಮಾನ ಹಿಡೀತು ಮ್ಯಾಟ್ರನ್. ನೀವು ಕೂತ್ರೆ ದೊಡ್ಡವರು ಇಳಿದ್ರು ಅಂತಾರೆ. ನಾನು ಕೂತ್ರೆ, ಇವಳ ಜಾಗದಲ್ಲಿ ಇವಳು ಕೂತ್ಲು ಅಂತಾರೆ."

ಅವರು ಅಲ್ಲವೆನ್ನಲಿಲ್ಲ. "ಅಂತಾರೆ" ಅಂದರು. "ಬಲವಂತ ಇಲ್ಲ. ನಾನು ಬಲವಂತವಾಗಿ ಕೂರಿಸಿದ್ರೆ ಇದೂ ಆ ಅಂಗಳವೇ ಆಗತ್ತೆ. ಆದರೆ ಒಂದು ಯೋಚನೆ ಮಾಡು. ರಂಗ ತಾತ ಕೂರೋದು ಏಳೋಕೆ ಗೊತ್ತಿಲ್ಲದೆ. ನಿನಗೆ ಏಳೋಕೆ ಗೊತ್ತು." ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟರು.

ಸಂಜೆಯವರೆಗೆ ಚಾಪೆ ಡ್ರೆಸಿಂಗ್ ಕೋಣೆಯ ಮೂಲೆಯಲ್ಲಿತ್ತು. ನಾನು ಅದರ ಕಡೆ ನೋಡಲಿಲ್ಲ. ಜನ ಬರುವ ಗಂಟೆ ಹೊಡೆಯಿತು. ಮುದುಕ ಮಂಚದ ಪಕ್ಕದ ಖಾಲಿ ನೆಲ ನೋಡಿದ, ಟವೆಲನ್ನು ಹೆಗಲಿನಿಂದ ತೆಗೆದ. ಅದನ್ನು ಕಂಡದ್ದೇ ನಾನು ಹೋಗಿ ಚಾಪೆ ತಂದು ಹಾಸಿ ಕೂತೆ. ಧೈರ್ಯದಿಂದ ಕೂತೆ ಅಂತ ಯಾರೂ ತಿಳಿಯಬೇಡಿ.

"ಕೆಳಗೆ ಜಾಗ ಇಲ್ಲ ತಾತಾ" ಅಂದೆ. "ಇವತ್ತು ನಾ ಇದೀನಿ."

ಯಜಮಾನರ ಮಗ ಇಬ್ಬರು ನೆಂಟರ ಜೊತೆ ಬಂದ. ಮ್ಯಾಟ್ರನ್ ಇಲ್ಲದ್ದು ಕಂಡು ಅವನ ಮುಖ ಸಡಿಲವಾಯಿತು. ನನ್ನ ಬ್ಯಾಡ್ಜು ನೋಡಿದ, ಮುಖ ನೋಡಿದ.

"ನೀನು ನಮ್ಮ ಹೊಲಕ್ಕೆ ಬರ್ತಿದ್ದ ಸಾರಮ್ಮನ ಮಗಳಲ್ವಾ? ಪರವಾಯಿಲ್ಲ, ಎಷ್ಟು ಓದಿದ್ರೂ ಕೂತ್ಕೊಳ್ಳೋ ಜಾಗ ಮರೆತಿಲ್ಲ." ನೆಂಟರು ನಕ್ಕರು.

ಎದ್ದು ನಿಂತು ಉತ್ತರ ಕೊಡುವಷ್ಟು ಮಾತು ನನ್ನ ಬಾಯಲ್ಲಿತ್ತು. ಎದ್ದರೆ ನೆಲ ಖಾಲಿಯಾಗುತ್ತದೆ, ಖಾಲಿಯಾದರೆ ಮುದುಕ ಇಳಿಯುತ್ತಾನೆ, ಇಳಿದರೆ ಕಾಲು ಹೋಗುತ್ತದೆ. ಕೂತೇ ಹೇಳಿದೆ, "ಹೌದಣ್ಣಾ, ಸಾರಮ್ಮನ ಮಗಳೇ. ಈ ತಾತನ ಕಾಲು ಉಳಿಯೋ ತನಕ ಇಲ್ಲೇ ಕೂತಿರ್ತೀನಿ. ನಿಂತು ಬೇಕಾದ್ರೆ ಮಾತಾಡಿ." ದನಿ ನನ್ನದೇ ಅಂತ ನನಗೇ ಅನ್ನಿಸಲಿಲ್ಲ.

ಆಗ ಮೇಲಿನಿಂದ ಇನ್ನೊಂದು ದನಿ ಬಂತು.

"ಚಿಕ್ಕೆಜಮಾನ್ರೇ. ಮಂಚದಡಿ ಸ್ಟೂಲ್ ಐತೆ. ಎಳ್ಕೊಂಡು ಕೂತ್ಕೊಳಿ ಸಾಮಿ."

ರಂಗ ತಾತ ದಿಂಬಿಗೆ ಒರಗಿ ಮಲಗಿಯೇ ಇದ್ದ. ಟವೆಲು ಇನ್ನೂ ಕಂಕುಳಲ್ಲೇ ಇತ್ತು, ಸಾಮಿ ಎನ್ನುವುದೂ ಹೋಗಿರಲಿಲ್ಲ. ಆದರೆ ತನ್ನ ಮನೆಗೆ ಬಂದವರಿಗೆ ಹೇಳುವ ಹಾಗೆ, ಮಲಗಿದ್ದಲ್ಲಿಂದ, ಕೂತ್ಕೊಳ್ಳಿ ಅಂದಿದ್ದ. ಬಹುಶಃ ಅವನ ಜೀವನದಲ್ಲಿ ಅದು ಮೊದಲ ಸಲ. ಯಾರೂ ನಗಲಿಲ್ಲ. ಎದುರು ಮಂಚದಿಂದ ಯಜಮಾನರು ನಿಧಾನವಾಗಿ ಹೇಳಿದರು, "ಕೂತ್ಕೋಪ್ಪಾ, ಅವ್ನು ಹೇಳ್ತಾ ಇಲ್ವಾ?"

ಮಗ ಸ್ಟೂಲ್ ಎಳೆದುಕೊಂಡು ಕೂತ. ಕೂತ ಮೇಲೆ ಏನು ಮಾತಾಡಬೇಕೆಂದು ತಿಳಿಯದೆ, "ಕಾಲು ನೋಯ್ತದಾ?" ಅಂತ ಕೇಳಿದ. "ಕೊಂಚ" ಅಂದ ಮುದುಕ.

ಕಾಫಿ ಲೋಟ ಹಿಡಿದು ಬಂದ ಹುಡುಗಿಗೆ ನಾನು ಹೇಳಬೇಕಾಗಿದ್ದದ್ದು ಇದು. ತಲೆ ತಗ್ಗಿಸು ಅಂತ ಬೇರೆಯವರು ಹೇಳಿದಾಗ ತಗ್ಗಿಸುವುದಕ್ಕೆ ಕ್ರಿಸ್‌ಮಸ್ ಬೇಕಾಗಿಲ್ಲ, ಅದು ನಮಗೆ ಹುಟ್ಟಿನಿಂದಲೇ ಬರುತ್ತದೆ. ಬೈಸಿಕೊಂಡು ಸುಮ್ಮನಿರುವುದನ್ನು ಯಾರಾದರೂ ದೀನತೆ ಅಂತ ಹೊಗಳಿದರೆ ನಂಬಬೇಡ. ಮೊದಲು ನೆಟ್ಟಗೆ ನಿಲ್ಲಲು ಕಲಿ. ಓದು, ಪರೀಕ್ಷೆ ಪಾಸು ಮಾಡು, ನಿನ್ನ ಹೆಸರಿನ ಮುಂದಿನ ಡಿಗ್ರಿಯ ಅಕ್ಷರಗಳನ್ನು ಯಾರಿಗೂ ಬಿಟ್ಟುಕೊಡಬೇಡ. ಆಮೇಲೆ ಒಂದು ದಿನ, ನಿನಗಿಂತ ಕೆಳಗೆ ಬಿದ್ದವರೊಬ್ಬರು ಮೇಲೇರಲು ನೀನು ಇಳಿಯಬೇಕಾಗಿ ಬರುತ್ತದೆ. ಅದನ್ನು ಯಾರೂ ಆಜ್ಞೆ ಮಾಡಲಾರರು.

ನಾನು ಆಮೇಲೆ ಬಹಳ ವರ್ಷ ಹೆರಿಗೆ ವಾರ್ಡಿನಲ್ಲಿದ್ದೆ. ಹುಟ್ಟಿದ ಮಕ್ಕಳನ್ನು ಒರೆಸಿ ಬಟ್ಟೆ ಸುತ್ತಿದ ಕೈ ಇದು. ಆ ಮಕ್ಕಳಿಗೆ ಕತ್ತು ನಿಲ್ಲುವುದಿಲ್ಲ, ಯಾರಾದರೂ ಹಿಡಿಯಬೇಕು. ದೇವರು ಬಂದದ್ದು ಹಾಗೆ ಅಂತ ನಾವು ನಂಬುತ್ತೇವೆ. ಬಂದು ಒಂದು ದಿನ ಇದ್ದು ನೋಡಿ ಹೋಗಲಿಲ್ಲ, ನಮ್ಮ ಜೊತೆ ಬೆಳೆದ, ದುಡಿದ. ನಾವು ನೆಲದಲ್ಲೇ ಇರಲಿ ಅಂತ ಅವನು ನೆಲಕ್ಕೆ ಬಂದ ಎನ್ನುವವರನ್ನು ಕಂಡರೆ ನನಗೆ ಈಗಲೂ ರೇಗುತ್ತದೆ.

ಆ ವರ್ಷದ ಕ್ರಿಸ್‌ಮಸ್ಸಿನ ಹಿಂದಿನ ದಿನ ಬೆಳಿಗ್ಗೆ ಸರ್ಜನ್ನು ಡ್ರೆಸಿಂಗ್ ಬಿಚ್ಚಿದರು. ಮ್ಯಾಟ್ರನ್ ಕೊಯಮತ್ತೂರಿನಿಂದ ವಾಪಸಾಗಿದ್ದರು, ಮಂಚದ ತಲೆಯ ಬಳಿ ಕೂತು ಮುದುಕನ ಭುಜ ಹಿಡಿದಿದ್ದರು. ನಾನು ಸಲೈನ್ ಸುರಿದು ಸುರಿದು ಬ್ಯಾಂಡೇಜಿನ ಬಟ್ಟೆಯನ್ನು ಪದರ ಪದರವಾಗಿ ನೆನೆಸಿದೆ. ಕೊನೆಯ ಪದರದ ತುದಿಯನ್ನು ಸರ್ಜನ್ನು ಚಿಮುಟದಲ್ಲಿ ಹಿಡಿದರು. ಎದುರು ಮಂಚದಲ್ಲಿ ಯಜಮಾನರು ಕತ್ತು ಎತ್ತಿ ನೋಡುತ್ತಿದ್ದರು. ಪದರ ಬಂತು, ಚರ್ಮ ಬರಲಿಲ್ಲ. ಹರಡಿನ ಹತ್ತಿರ ಒಂದು ಕಾಸಿನಗಲ ಕಪ್ಪಾಗಿತ್ತು, ಉಳಿದದ್ದೆಲ್ಲ ಹುಟ್ಟಿದ ಮಗುವಿನ ಅಂಗಾಲಿನ ಬಣ್ಣ.

"ಹಿಡಿದಿದೆ" ಅಂದರು ಸರ್ಜನ್ನು.

ರಂಗ ತಾತ ತನ್ನ ಕಾಲನ್ನು ಬಹಳ ಹೊತ್ತು ನೋಡಿದ. ಆಮೇಲೆ ಮ್ಯಾಟ್ರನ್ ಕಡೆ ತಿರುಗಿ ಮೆಲ್ಲಗೆ ಕೇಳಿದ, "ಇನ್ನು ಕೆಳಗೆ ಇಳೀಬೋದಾ ತಾಯಿ?"

"ಇನ್ನೆರಡು ವಾರ ಬಿಟ್ಟು ಇಳೀಬಹುದು ಅಪ್ಪಾ" ಅಂದರು ಅವರು. "ನಡೆಯೋದಕ್ಕೆ."